ಎಲಿಮಿನೇಟರ್ ಎಂಬ ಪೆಟ್ಟಿಗೆ

ಚೋರ್ ಬಜಾರಿನಲ್ಲಿ ಕೊಂಡ ಹಳೆಯ ಕಾರ್ ಸ್ಟೀರಿಯೋವನ್ನು ಮನೆಯಲ್ಲಿ ಹಾಡಿಸಲು ನಾವು ಲ್ಯಾಮಿಂಗ್ಟನ್ ರಸ್ತೆಯಿಂದ ‘ಎಲಿಮಿನೇಟರ್’ ತರುತ್ತಿದ್ದೆವು. ಅದು ನಿವಾರಿಸುವುದು ಏನನ್ನೆಂದು ಆಗ ಕೇಳಿದವರಲ್ಲ.

ನಿವಾರಿಸುತ್ತಿದ್ದುದು ಬ್ಯಾಟರಿಯನ್ನು. 1920ರ ದಶಕದ ಅಮೆರಿಕದಲ್ಲಿ ಮನೆಯ ರೇಡಿಯೋಗಳು ಬಹುಮಟ್ಟಿಗೆ ಬ್ಯಾಟರಿಯಿಂದಲೇ ನುಡಿಯುತ್ತಿದ್ದವು. ಅವನ್ನು ಮನೆಯ ವಿದ್ಯುತ್ತಿಗೆ ಹೊಂದಿಸುವ ಪೆಟ್ಟಿಗೆಯೇ ಬ್ಯಾಟರಿ ಎಲಿಮಿನೇಟರ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುವುದು, ರೆಕ್ಟಿಫೈಯರ್ ಪರ್ಯಾಯ ಪ್ರವಾಹವನ್ನು ಏಕಮುಖಗೊಳಿಸುವುದು, ಕೆಪಾಸಿಟರ್ ಅದರ ಏರಿಳಿತವನ್ನು ತಗ್ಗಿಸುವುದು. ಈ ಕೊನೆಯದು ಕೆಟ್ಟರೆ ಹಾಡಿನ ಬೆನ್ನಿಗೇ ಗುಂಯ್‌ಗುಡುವ ಸದ್ದು.

ಷಿಕಾಗೋದ ಪಾಲ್ ಗ್ಯಾಲ್ವಿನ್ ಮತ್ತು ಸೋದರ ಜೋಸೆಫ್, ದಿವಾಳಿಯಾದ ಕಂಪನಿಯೊಂದರ ಎಲಿಮಿನೇಟರ್ ವಿಭಾಗವನ್ನು 750 ಡಾಲರಿಗೆ ಹರಾಜಿನಲ್ಲಿ ಹಿಡಿದು 1928ರಲ್ಲಿ ಉದ್ಯಮ ಹೂಡಿದರು. ಅಷ್ಟರಲ್ಲಿ ನೇರವಾಗಿ ವಿದ್ಯುತ್ತಿನಿಂದ ನಡೆಯುವ ರೇಡಿಯೋಗಳು ಬಂದು, ಪೆಟ್ಟಿಗೆಯನ್ನು ಕೇಳುವವರು ಕಡಿಮೆಯಾದರು. 1929ರಲ್ಲಿ ಷೇರುಪೇಟೆಯೂ ಕುಸಿಯಿತು. ಉಳಿದ ದಾರಿ ಕಾರಿನ ರೇಡಿಯೋ. 1930ರಲ್ಲಿ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಹೋದ ಗ್ಯಾಲ್ವಿನ್, ಮಳಿಗೆಯಿಲ್ಲದೆ ಕಾರನ್ನು ಹೊರಗೇ ನಿಲ್ಲಿಸಿ ರೇಡಿಯೋ ಹಾಡಿಸಿದರು. ಅದಕ್ಕಿಟ್ಟ ಹೆಸರು ಮೋಟರೋಲ.

ಬ್ಯಾಟರಿಯನ್ನು ಮನೆಯಿಂದ ಹೊರಗಟ್ಟಲು ಹೊರಟವರನ್ನು ಕಾರಿನ ಬ್ಯಾಟರಿಯೇ ಕಾಯ್ದಿತು! ನಾವಾದರೋ ಆ ಕಾರಿನ ಯಂತ್ರವನ್ನು ಪುನಃ ಮನೆಗೆ ತಂದು, 12 ವೋಲ್ಟಿದ್ದರೆ ಸಾಕೆಂದು 500 ಮಿಲಿಆಂಪಿಯರಿನ ಅಗ್ಗದ ಪೆಟ್ಟಿಗೆಗೆ ಜೋಡಿಸುತ್ತಿದ್ದೆವು. ಸ್ಟೀರಿಯೋ ಬೇಡುತ್ತಿದ್ದುದು ಹಲವು ಆಂಪಿಯರ್. ದನಿ ಏರಿಸಿದೊಡನೆ ಹಾಡು ಒಡೆಯುತ್ತಿತ್ತು.