ಗರ್ಭಕಂಠದ ಕ್ಯಾನ್ಸರ್: ಎಂಆರ್‌ಐನಿಂದ ಹಂತ ನಿರ್ಣಯ

ಬಯಾಪ್ಸಿಯಲ್ಲಿ ಖಚಿತವಾದ ಗರ್ಭಕಂಠದ ಕ್ಯಾನ್ಸರ್ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಎಂಆರ್‌ಐ ಚಿತ್ರಗಳಿಂದ ಅಳೆಯುವ ವಿಧಾನ. ಹಿಂದೆ ಹಂತವನ್ನು ಮುಖ್ಯವಾಗಿ ವೈದ್ಯರ ಕೈಪರೀಕ್ಷೆಯೇ ಹೇಳುತ್ತಿತ್ತು. 2018ರಲ್ಲಿ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ ಸ್ಕ್ಯಾನ್ ಚಿತ್ರಗಳಿಗೂ ಮಾನ್ಯತೆ ಕೊಟ್ಟಿತು.

ಎಂಆರ್‌ಐನ ಟಿ2 ಎಂಬ ಬಗೆಯ ಚಿತ್ರಗಳಲ್ಲಿ ಗರ್ಭಕಂಠದ ಗೋಡೆ ಕಪ್ಪು ಉಂಗುರದಂತೆ ಕಾಣುತ್ತದೆ, ಗೆಡ್ಡೆ ಅದಕ್ಕಿಂತ ಬೆಳ್ಳಗಿರುತ್ತದೆ. ಉಂಗುರ ಎಲ್ಲೂ ಮುರಿಯದಿದ್ದರೆ ರೋಗ ಅಕ್ಕಪಕ್ಕದ ಅಂಗಾಂಶಕ್ಕೆ ದಾಟಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಚಿಕಿತ್ಸೆಯ ದಿಕ್ಕು ಬದಲಾಗುವುದೇ ಇಲ್ಲಿ: ದಾಟಿದ್ದರೆ ಅದು 2ಬಿ ಹಂತ, ಆಗ ಸಾಮಾನ್ಯವಾಗಿ ಆಪರೇಷನ್ ಬದಲು ವಿಕಿರಣ ಮತ್ತು ಕಿಮೋಥೆರಪಿ. ಗರ್ಭಕಂಠದೊಳಗೇ ಉಳಿದ ಗೆಡ್ಡೆಯನ್ನು 2 ಮತ್ತು 4 ಸೆಂ.ಮೀ. ಗಡಿಗಳಲ್ಲಿ ವಿಂಗಡಿಸುತ್ತಾರೆ. ಶ್ರೋಣಿಯ ದುಗ್ಧಗ್ರಂಥಿಗೆ ಹಬ್ಬಿದರೆ 3ಸಿ1, ಮಹಾಪಧಮನಿಯ ಪಕ್ಕದ ಗ್ರಂಥಿಗೆ ಹಬ್ಬಿದರೆ 3ಸಿ2. ಊದದ ಗ್ರಂಥಿಯೊಳಗಿನ ಸೂಕ್ಷ್ಮ ರೋಗ ಎಂಆರ್‌ಐಗೂ ತಪ್ಪಿಹೋಗಬಹುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಹಿಳೆಯರಿಗೆ ಕ್ಯಾನ್ಸರ್ ಚಿಕಿತ್ಸೆಯ ಹತ್ತಿರದ ಊರು ಕಲಬುರಗಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಅಲ್ಲಿದೆ. ಮೊದಲ ನಾಲ್ಕೂರಿಗೆ ರೈಲುಂಟು, ಚಿಂಚೋಳಿಗೆ ಬಸ್ಸೇ ಗತಿ. ಎಂಆರ್‌ಐ ಕೂಡಲೇ ಸಿಗದಿದ್ದರೆ ಅದಕ್ಕೆ ಕಾಯುತ್ತ ಚಿಕಿತ್ಸೆ ತಡವಾಗಬೇಕಿಲ್ಲ: ಕೈಪರೀಕ್ಷೆ, ಅಲ್ಟ್ರಾಸೌಂಡ್, ಸಿಟಿಗಳಿಂದ ಹಂತ ಗುರುತಿಸುವುದನ್ನೂ ಫಿಗೊ ಒಪ್ಪುತ್ತದೆ.