ಮಹಾವೀರಾಚಾರ್ಯನ ಅಂಕಮಾಲೆ: 12345654321

ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ 'ಕವಿರಾಜಮಾರ್ಗ' ನೆನಪಾಗುವುದು ಸಹಜ. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ರಾಷ್ಟ್ರಕೂಟ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಜೈನಾಚಾರ್ಯನಾದ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಗುಣಾಕಾರವನ್ನು ವಿವರಿಸುವ ಭಾಗದಲ್ಲಿ ಕೆಲವು ವಿಶಿಷ್ಟ ಉದಾಹರಣೆಗಳಿವೆ. ಅವುಗಳ ಗುಣಲಬ್ಧವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ; ಅಂಕಿಗಳು ಪೋಣಿಸಿದ ಮಣಿಗಳಂತೆ ತೋರುವುದರಿಂದ ಕಂಠಾಭರಣದ ಹೋಲಿಕೆ ಬಂದಿದೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. ಇವುಗಳಲ್ಲಿ ಅತ್ಯಂತ ಸೊಗಸಾದುದು 27994681 ಮತ್ತು 441ರ ಗುಣಲಬ್ಧವಾದ 12345654321. ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲೇ ಒಂದಕ್ಕೆ ಇಳಿಯುವ ಸಂಖ್ಯೆಯಿದು.

ಈ ಸೊಗಸಿನ ಮೂಲ ಅಪವರ್ತನಗಳಲ್ಲಿದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ನ್ನು ಗುಣಿಸಿದರೆ 111111. ಆದ್ದರಿಂದ ಮಾಲೆಯು ಆರು ಒಂದುಗಳ ಸಂಖ್ಯೆಯ ವರ್ಗವೇ ಆಗಿದೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಪ್ರತಿಯೊಂದೂ ವರ್ಗದಲ್ಲಿ ಎರಡು ಬಾರಿ ಬರುವುದರಿಂದ ಮಾಲೆಗೆ ಒಟ್ಟು 243 ಭಾಜಕಗಳಿವೆ.

ಒಂದುಗಳು ಒಂಬತ್ತಕ್ಕೆ ಏರಿದರೂ ಕ್ರಮ ಕೆಡದು: ವರ್ಗವು 12345678987654321. ಹತ್ತನೆಯ ಒಂದು ಸೇರಿದಾಗ ದಶಕವು ಮುಂದಿನ ಸ್ಥಾನಕ್ಕೆ ದಾಟಿ, 1234567900987654321 ಎಂದಾಗಿ ಮಾಲೆ ಹರಿಯುತ್ತದೆ. ಹೀಗಾಗಿ ಈ ಚೆಲುವು ದಶಮಾನ ಸ್ಥಾನಪದ್ಧತಿಗೆ ಸೇರಿದ್ದು. ಸ್ಥಾನಮೌಲ್ಯವಿಲ್ಲದ ಬರವಣಿಗೆಯಲ್ಲಿ ಅದು ಕಣ್ಣಿಗೆ ಬೀಳದು.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮಹತ್ತ್ವವಿದೆ. ಛಂದೋಬದ್ಧ ಗಣಿತಗ್ರಂಥಗಳಲ್ಲಿ ಅಂಕಿಗಳ ಬದಲು ಪದಗಳು ನಿಲ್ಲುತ್ತವೆ: ಶಶಿಯೆಂದರೆ ಒಂದು, ಋತುವೆಂದರೆ ಆರು. ಲಿಪಿಕಾರನು ಒಂದು ಪದದ ಸ್ಥಾನದಲ್ಲಿ ಅದೇ ಮಾತ್ರೆಗಳ ಬೇರೊಂದನ್ನು ಬರೆದರೆ ಛಂದಸ್ಸು ಕೆಡದು, ಸಂಖ್ಯೆ ಮಾತ್ರ ಕೆಡುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಅಂಥ ತಪ್ಪು ಮುಂದಿನ ಪ್ರತಿಗಳಿಗೂ ಮೌನವಾಗಿ ಹರಿದೀತು. ಇಲ್ಲಿ ಹಾಗಾಗದು. 27994681ರ ಯಾವ ಒಂದು ಅಂಕಿ ಬದಲಾದರೂ ಗುಣಲಬ್ಧವು ಬೇರೆಯಾಗಿ, ಒಂದರಿಂದ ಆರಕ್ಕೇರಿ ಇಳಿಯುವ ಕ್ರಮ ತಪ್ಪುತ್ತದೆ. ಆ ಕ್ರಮದ ಅರಿವುಳ್ಳ ಸಂಪಾದಕನು ಗುಣಲಬ್ಧವನ್ನು 441ರಿಂದ ಭಾಗಿಸಿ ಮೂಲಪಾಠವನ್ನು ಮರಳಿ ಪಡೆಯಬಲ್ಲನು.

ಆದ್ದರಿಂದ ಇಂಥ ಉದಾಹರಣೆಗಳನ್ನು ಶಿಷ್ಯರನ್ನು ರಂಜಿಸುವ ಚಮತ್ಕಾರವೆಂದಷ್ಟೇ ಬಗೆದು ಪಕ್ಕಕ್ಕಿಡುವುದು ಸಲ್ಲದು. ಛಂದಸ್ಸು ಕಾಯಲಾರದ ಅಂಕಿಯನ್ನು ಇಲ್ಲಿ ಗಣಿತವೇ ಕಾಯ್ದಿದೆ.