ಟ್ರಿಗರ್ ಬರೆದವರು ಕೆಲಸ ಬಿಟ್ಟ ಮೇಲೆ

ಪುಣೆಯಲ್ಲಿ ನನ್ನ ಮೊದಲ ಕೆಲಸ. ಒಂದು ರಾತ್ರಿ ಸ್ಟಾಕ್ ಟೇಬಲ್‌ನಲ್ಲಿ ಒಂದೇ ಒಂದು ಸಾಲು ಅಪ್‌ಡೇಟ್ ಮಾಡಿದೆ. 32 ಹಂತದ ಮಿತಿ ದಾಟಿತು ಅಂತ ಎಸ್‌ಕ್ಯೂಎಲ್ ಸರ್ವರ್ ಎರರ್ ಕೊಟ್ಟು ನಿಂತುಬಿಡ್ತು. ನೋಡಿದರೆ, ಸ್ಟಾಕ್‌ನ ಟ್ರಿಗರ್ ಆರ್ಡರ್ ಟೇಬಲ್ ಬದಲಾಯಿಸುತ್ತೆ, ಆರ್ಡರ್‌ನ ಟ್ರಿಗರ್ ವಾಪಸ್ ಸ್ಟಾಕ್ ಬದಲಾಯಿಸುತ್ತೆ. ಒಂದನ್ನು ಬರೆದವರು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಇನ್ನೊಂದನ್ನು ಹಿಂದಿನ ವಾರ ಸೇರಿಸಿದ್ದು ನಾನೇ! ಹಳೆಯದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಈ ತಲೆನೋವು ಹಳೇದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಹೈಪ್ಯಾಕ್ ಯೋಜನೆ ಇಂಥ ರೂಲ್‌ಗಳಿಗೆ ಒಂದು ಆಕಾರ ಕೊಟ್ಟಿತು: ಘಟನೆ, ಷರತ್ತು, ಕ್ರಿಯೆ. ಇಂಥದ್ದು ಆದಾಗ, ಹೀಗಿದ್ದರೆ, ಇದನ್ನು ಮಾಡು. ಉಮೇಶ್ವರ್ ದಯಾಳ್, ಶರ್ಮ ಚಕ್ರವರ್ತಿ ಆ ತಂಡದಲ್ಲಿದ್ದವರು. ಬರ್ಕ್ಲಿಯ ಪೋಸ್ಟ್‌ಗ್ರೆಸ್, ಐಬಿಎಂನ ಸ್ಟಾರ್‌ಬರ್ಸ್ಟ್ ಕೂಡ ಅದೇ ಕಾಲದವು.

ಒಂದೊಂದೇ ರೂಲ್ ಓದಿದರೆ ಎಲ್ಲ ಸರಿಯಾಗೇ ಇರುತ್ತೆ. ಜಗಳ ಇರೋದು ರೂಲ್‌ಗಳ ಮಧ್ಯೆ. 1992ರಲ್ಲಿ ಅಲೆಕ್ಸ್ ಐಕನ್, ಜೆನಿಫರ್ ವಿಡಮ್, ಜೋಸೆಫ್ ಹೆಲರ್‌ಸ್ಟೈನ್ ಇದನ್ನೇ ಹಿಡಿದು ಕೂತರು. ಈ ರೂಲ್‌ಗಳ ಓಟ ಎಂದಾದರೂ ನಿಲ್ಲುತ್ತಾ? ಯಾವ ಕ್ರಮದಲ್ಲಿ ಓಡಿದರೂ ಕೊನೆಗೆ ಡೇಟಾ ಒಂದೇ ಆಗಿರುತ್ತಾ? ಹೊರಗಿನವರಿಗೆ ಕಾಣೋದೂ ಒಂದೇನಾ? ಮೊದಲನೇ ಪ್ರಶ್ನೆಗೆ ಅವರ ಉಪಾಯ ಎಷ್ಟು ಸರಳ ನೋಡಿ. ಪ್ರತಿ ರೂಲ್‌ಗೂ ಒಂದು ಚುಕ್ಕೆ. ಒಂದು ಇನ್ನೊಂದನ್ನು ಎಬ್ಬಿಸಬಹುದಾದರೆ ನಡುವೆ ಒಂದು ಬಾಣ. ಎಲ್ಲೂ ಸುತ್ತು ಇಲ್ಲದಿದ್ದರೆ ಓಟ ಖಂಡಿತ ನಿಲ್ಲುತ್ತೆ. ಸುತ್ತು ಇದ್ದರೆ ನಿಲ್ಲಲೂಬಹುದು, ನಿಲ್ಲದೇ ಇರಲೂಬಹುದು. ಅಲ್ಲಿ ಮನುಷ್ಯನೇ ಕೂತು ನೋಡಬೇಕು.

ಆಮೇಲೆ ಟೂಲ್‌ಗಳು ಬಂದವು. 1993ರಲ್ಲಿ ಡಿಯರ್ ಅನ್ನೋ ಡಿಬಗರ್. (ಮುದ್ದಾದ ಹೆಸರು, ಅಲ್ವಾ?) 1995ರಲ್ಲಿ ಫ್ಲೋರಿಡಾದಲ್ಲಿ ಚಕ್ರವರ್ತಿ ಅವರ ಗುಂಪು, ಯಾವ ಘಟನೆಗೆ ಯಾವ ರೂಲ್ ಎದ್ದಿತು ಅಂತ ಚಿತ್ರವಾಗಿ ತೋರಿಸೋ ಟೂಲ್ ಮಾಡಿತು. ಮಿಲಾನ್‌ನ ಅರಾಕ್ನೆ ಸುತ್ತುಗಳನ್ನು ಹುಡುಕುತ್ತಿತ್ತು. ಟ್ರಿಗರ್‌ಗಳು 1999ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಸೇರಿದವು. ಟೂಲ್‌ಗಳು ಬಹುಪಾಲು ಪ್ರಯೋಗಾಲಯ ಬಿಟ್ಟು ಬರಲೇ ಇಲ್ಲ. ನನ್ನ ಪ್ರಕಾರ ತಪ್ಪಾಗಿದ್ದೇ ಅಲ್ಲಿ: ಬೆಂಕಿಪೊಟ್ಟಣ ಎಲ್ಲರ ಕೈಗೆ ಸಿಕ್ತು, ನೀರಿನ ಬಕೆಟ್ ಸಿಗಲಿಲ್ಲ.

ಆ ರಾತ್ರಿ ನಾನು ಸಿಸ್ಟಮ್ ಟೇಬಲ್‌ನಿಂದ ಟ್ರಿಗರ್‌ಗಳ ಪಟ್ಟಿ ತೆಗೆದು, ಪ್ರಿಂಟರ್‌ನಿಂದ ಎ4 ಹಾಳೆ ಎಳೆದುಕೊಂಡು ಚುಕ್ಕೆ, ಬಾಣ ಹಾಕುತ್ತಾ ಕೂತೆ. ಬೆಳಗಿನ ಜಾವದ ಹೊತ್ತಿಗೆ ಇನ್ನೂ ಎರಡು ಸುತ್ತು ಸಿಕ್ಕವು.